ಪೋಷಕರ ಪತ್ರಿಕೆಯ ಕೊನೆಯ ಪುಟ

ಮದುವೆಗೆ ಮುಂಚೆ ನಾನು ಶಿವಮೊಗ್ಗದ ಗಾಂಧಿ ಬಜಾರಿನ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದೆ. ಅದು ಗೊತ್ತಿದ್ದುದರಿಂದ, ಭದ್ರಾವತಿಯಲ್ಲಿ ಮಗಳ ಶಾಲೆಯ ಪೋಷಕರ ಸಂಘದವರು ತಿಂಗಳ ಪತ್ರಿಕೆಯ ಕೆಲಸವನ್ನು ನನಗೇ ಹಚ್ಚಿದರು. ನಾಲ್ಕು ಪುಟ. ಮನೆಯಲ್ಲಿ ತಮಿಳು, ತೆಲುಗು ಆಡುವ ತಾಯಂದಿರು ಬಹಳ ಇದ್ದರು; ಅವರೂ ಓದಲಿ ಎಂದು ಅಕ್ಷರ ದೊಡ್ಡದು, ವಾಕ್ಯ ಚಿಕ್ಕದು ಮಾಡಿದೆ. ಕೊನೆಯ ಪುಟವನ್ನು ಪೋಷಕರ ಮಾತಿಗೆಂದೇ ಬಿಟ್ಟೆ. ಎರಡು ಸಂಚಿಕೆಯವರೆಗೆ ಯಾರೂ ಏನೂ ಕೊಡಲಿಲ್ಲ. ಊಟದ ಡಬ್ಬಿಯ ಬಗ್ಗೆ ನಾನೇ ಏನೋ ಬರೆದು ತುಂಬಿಸಿದೆ.

ಮೂರನೆಯದಕ್ಕೆ ಒಬ್ಬಳು ಬಂದಳು. ಹೊಲಿಗೆ ಕೆಲಸದವಳು, ಮಗಳು ನಾಲ್ಕನೇ ಕ್ಲಾಸು. ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕ, ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಅಲ್ಲಿಗೆ ಹೋಗ್ಬೇಕಾಗುತ್ತೆ ಅಂತ ನನ್ನ ಮಗಳು ಸಂಜೆವರೆಗೂ ನೀರೇ ಕುಡಿಯಲ್ಲ. ಅದನ್ನ ಬರೀರಿ."

ಅವಳು ಹೇಳಿದಷ್ಟನ್ನೇ ಬರೆದೆ. ಅಚ್ಚಿಗೆ ಹೋಗುವ ಮುಂಚೆ ಮುಖ್ಯೋಪಾಧ್ಯಾಯಿನಿಗೆ ತೋರಿಸಬೇಕಿತ್ತು. ಅವರು ಕೆಟ್ಟವರೇನಲ್ಲ. ಎರಡು ಸಲ ಓದಿದರು.

"ಇದು ಹೊರಗೆ ಹೋದ್ರೆ ಮುಂದಿನ ವರ್ಷ ಮಕ್ಕಳನ್ನ ಯಾರು ಸೇರಿಸ್ತಾರೆ ಮಾರಾಯ್ತಿ? ಚಿಲಕ ಈ ವಾರನೇ ಹಾಕಿಸ್ತೀನಿ, ಬಿಡು."

ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ನನ್ನ ಮಗಳೂ ಅಲ್ಲೇ ಓದಬೇಕಲ್ಲ ಎಂದುಕೊಂಡೆ. ಆ ಜಾಗಕ್ಕೆ ಕ್ರೀಡಾಕೂಟದ ಫೋಟೊ ಹಾಕಿದೆ.

ಪತ್ರಿಕೆ ಹಂಚಿದ ದಿನ ಅವಳು ಗೇಟಿನಲ್ಲೇ ನಿಂತು ಸಾಲುಸಾಲಾಗಿ ಓದಿದಳು. ನಾಲ್ಕು ಪುಟವೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಉತ್ತರ ತಯಾರು ಮಾಡಿಕೊಂಡಿದ್ದೆ.

ಆ ವಾರ ಚಿಲಕ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಅವಳ ಮಗಳು ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದು ನನಗೆ ತಿಳಿದಾಗ, ಅವಳು ಟಿಸಿ ತೆಗೆದುಕೊಂಡು ಹೋಗಿಯಾಗಿತ್ತು. ಸಂಘದ ಸಭೆಯಲ್ಲಿ ನಾನು ವಿಷಯ ಎತ್ತಿದೆ. ಶಾಲೆಯ ಹೆಸರು ಕೆಡಿಸಬೇಡಿ ಎಂದರು ಕೆಲವರು. ಉಳಿದವರು ಮೊಬೈಲು ನೋಡುತ್ತ ಕುಳಿತರು. ಮುಂದಿನ ಸಂಚಿಕೆ ಮಾಡಲಾರೆ ಎಂದೆ. ಯಾರೂ ಒತ್ತಾಯಿಸಲಿಲ್ಲ. ವಾಟ್ಸ್ಯಾಪ್ ಗುಂಪೊಂದು ಸಾಕು ಎಂದು ಅಲ್ಲೇ ತೀರ್ಮಾನವಾಯಿತು.

ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಅವಳು ಸಿಕ್ಕಳು. ಮಗಳು ಹುಷಾರಾಗಿದ್ದಾಳೆ ಎಂದಳು. ಹೊಸ ಶಾಲೆಯಲ್ಲಿ ಹೇಗಿದೆ ಎಂದು ಕೇಳಿದೆ.

"ಅಲ್ಲೂ ಹಂಗೇ ಅಕ್ಕ," ಅಂದಳು. "ಈ ಸಲ ನಾನು ಯಾರಿಗೂ ಹೇಳಿಲ್ಲ."

ವಿದ್ಯಾನಗರ ಬಂದಾಗ ಇಳಿದುಹೋದಳು. ಕ್ಷಮೆ ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ.