ಬೇಕೆಂದೇ ತಪ್ಪಾಗಿ ಓದಿದ ಸಾಲು

ಚೈತ್ರಾ, ಆ ದಿನ ಟಿವಿ ಪರದೆಯ ಮೇಲೆ ಬರೆದಿದ್ದು ಒಂದು, ನಾನು ಓದಿ ಹೇಳಿದ್ದು ಇನ್ನೊಂದು. ಕಣ್ಣು ಮಂಜಾಗಿರಲಿಲ್ಲ, ಕನ್ನಡಕ ಮೂಗಿನ ಮೇಲೇ ಇತ್ತು. ಬೇಕೆಂದೇ ತಪ್ಪಾಗಿ ಓದಿದೆ. ನಿನ್ನ ತಾಯಿ ಈ ಊರು ಬಿಟ್ಟು ಹೋಗಿದ್ದು ನನ್ನ ಆ ಒಂದು ಸಾಲಿನಿಂದ.

ಹತ್ತು ವರ್ಷ ಇದನ್ನು ಒಳಗಿಟ್ಟುಕೊಂಡೆ. ಇನ್ನೂ ಇಟ್ಟುಕೊಳ್ಳುತ್ತಿದ್ದೆನೋ ಏನೋ — ಕಳೆದ ಶನಿವಾರ ಕಾಲೇಜಿನಿಂದ ನೇರ ನಮ್ಮ ಮನೆಗೆ ಬಂದು, ಬ್ಯಾಗು ಕೂಡ ಇಳಿಸದೆ ನೀನು ಹೇಳಿದೆಯಲ್ಲ, “ಅಮ್ಮನ್ನ ನಾನೇ ಓಡಿಸ್ಬಿಟ್ಟೆ ಗ್ರ್ಯಾನಿ. ನಂಗೊತ್ತು” ಅಂತ. ನಾನು ಏನು ಮಾಡಿದೆ ನೆನಪಿದೆಯಾ? ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದೆ. ಹತ್ತೊಂಬತ್ತು ವರ್ಷದ ಹುಡುಗಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಎದುರಿಗೆ ಕೂತಿದ್ದಾಳೆ, ನಾನು ಸಕ್ಕರೆ ಕೇಳುತ್ತಿದ್ದೇನೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪೆನ್ನು ಹಿಡಿದೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಒಂಬತ್ತು ವರ್ಷದ ಮಗುವಿನ ನೆನಪನ್ನು ನಂಬಿ ನೀನು ನಿನಗೇ ತೀರ್ಪು ಕೊಟ್ಟುಕೊಂಡಿದ್ದೀಯ. ಅದಕ್ಕೇ ಎಲ್ಲವನ್ನೂ ಹೇಳಬೇಕು.

ಆ ವರ್ಷ ನಿನ್ನ ತಾಯಿ ಮಂಜುಳಳಿಗೆ ಎರಡನೆಯ ಮಗು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಅವಳು ಮಾತು ಬಿಟ್ಟಳು, ನಿದ್ದೆ ಬಿಟ್ಟಳು. ನಿಮ್ಮಪ್ಪ ಅವಳನ್ನು ತವರಿಗೆ, ಅನುಗೊಂಡನಹಳ್ಳಿ ಕಡೆಗೆ ಕಳಿಸಿದ. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆಗೆ ತೋರಿಸುತ್ತಿದ್ದರು. ಏಳು ತಿಂಗಳು. ಆ ಏಳು ತಿಂಗಳು ನೀನು ಸ್ಕೂಲು ಬಿಟ್ಟೊಡನೆ ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ಬರುತ್ತಿದ್ದೆ. ಕುಂದಾಣದ ಸುತ್ತಿನ ಹಳ್ಳಿಗಳಲ್ಲಿ ಕಾನ್ವೆಂಟ್ ಇಂಗ್ಲಿಷ್ ಕಲಿತು ಸೊಸೆಯಾಗಿ ಬಂದವಳು ನನ್ನ ಕಾಲಕ್ಕೆ ನಾನೊಬ್ಬಳೇ ಇದ್ದೆ. ನಲವತ್ತು ವರ್ಷ ಆ ಇಂಗ್ಲಿಷು ಯಾರಿಗೂ ಬೇಡವಾಗಿ ಟ್ರಂಕಿನಲ್ಲಿಟ್ಟ ರೇಷ್ಮೆಯ ಹಾಗೆ ಮಡಿಕೆ ಬಿದ್ದಿತ್ತು. ನೀನು ಬಂದು ಅದನ್ನು ಬಿಚ್ಚಿಸಿದೆ. ಕ್ಯಾಟ್, ಮ್ಯಾಟ್ ಕಲಿತೆ. ನನ್ನನ್ನು ಗ್ರ್ಯಾನಿ ಅಂದೆ. ನನ್ನ ಸ್ವಂತ ಮೊಮ್ಮಕ್ಕಳು ಇದ್ದಾರೆ, ದೇವರ ದಯ. ಅವರು ಫೋನಿನಲ್ಲಿ ನನ್ನ ಇಂಗ್ಲಿಷ್ ತಿದ್ದುತ್ತಾರೆ. “ಅಜ್ಜಿ, ನೋಬಡಿ ಸೇಸ್ ದಟ್ ಎನಿಮೋರ್.” ನೀನು ತಿದ್ದುತ್ತಿರಲಿಲ್ಲ, ಬಾಯಿ ಬಿಟ್ಟು ಕೇಳುತ್ತಿದ್ದೆ. ಇದು ನೆಪವಲ್ಲ. ಹೀಗಿತ್ತು ಅಂತ ಹೇಳುತ್ತಿದ್ದೇನೆ, ಅಷ್ಟೆ.

ಆಗ ತಾನೇ ನನ್ನ ಮಗ ಇಂಟರ್ನೆಟ್ ಬರುವ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದ್ದ. ಮಧ್ಯಾಹ್ನ ಎರಡರಿಂದ ನಾಲ್ಕು, ರತ್ನಮ್ಮ ಅವಳ ತೋಟದ ಕನಕಾಂಬರದ ಬುಟ್ಟಿ ತರುತ್ತಿದ್ದಳು. ಐದಾರು ಹೆಂಗಸರು ನಮ್ಮ ಹಾಲಿನಲ್ಲಿ ಕೂತು ಹೂ ಕಟ್ಟುತ್ತಿದ್ದರು. ಸಂಜೆಗೆ ಹೂವು ದೇವನಹಳ್ಳಿಗೆ ಹೋಗಬೇಕು. ನಾನು ಒಂದು ಇಂಗ್ಲಿಷ್ ಸೀರಿಯಲ್ ಹಾಕುತ್ತಿದ್ದೆ. ಯಾವುದೋ ದೂರದ ಗ್ರಹದಲ್ಲಿ ಬೇಲಿ ಹಾಕಿಕೊಂಡು ವಾಸಿಸುವ ಜನರ ಕತೆ, ವಾರಕ್ಕೊಂದು ಎಪಿಸೋಡ್. ಹೂ ಕಟ್ಟುವವರಿಗೆ ಆ ಮಾತು ತಿಳಿಯದು. ನಾನು ಮುಂದೆ ಕೂತು ಹರಿಕತೆ ದಾಸರ ಹಾಗೆ ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ. ಅಲ್ಲಿನ ಯಂತ್ರಮಾನವನಿಗೆ ರತ್ನಮ್ಮ ‘ತಗಡಯ್ಯ’ ಅಂತ ಹೆಸರಿಟ್ಟಿದ್ದಳು. ಅವನು ಬಂದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. ನಾನು ಹೇಳಿದ್ದೇ ಕತೆ. ಅದರ ರುಚಿ ನನಗೆ ಹತ್ತಿತ್ತು.

ಮಂಜುಳ ವಾಪಸು ಬಂದಳು. ಮಾತ್ರೆಗಳಿಂದ ಮುಖ ಊದಿತ್ತು, ಕೂದಲು ಉದುರಿ ಚಿಕ್ಕದಾಗಿ ಕತ್ತರಿಸಿದ್ದರು, ಕೈ ಸಣ್ಣಗೆ ನಡುಗುತ್ತಿತ್ತು. ಒಂದು ಮಾತು ಕೇಳಿದರೆ ಉತ್ತರ ಬರುವುದಕ್ಕೆ ಒಂದು ಗಳಿಗೆ ಬೇಕು. ಆದರೂ ಬಂದ ಎರಡನೆಯ ದಿನವೇ ನಿನ್ನನ್ನು ಕರೆದುಕೊಂಡು ಹೋಗಲು ನಮ್ಮ ಮನೆಗೆ ಬಂದಳು. ಸ್ಕೂಲಿಗೆ ರಜೆ, ನೀನು ನನ್ನ ಪಕ್ಕ ಕೂತಿದ್ದೆ. ಎಪಿಸೋಡ್ ಶುರುವಾಗಿತ್ತು. ಅವಳು ಬಾಗಿಲ ಹತ್ತಿರವೇ ಕೂತು, ರತ್ನಮ್ಮನ ಬುಟ್ಟಿಯಿಂದ ಒಂದಿಷ್ಟು ಹೂ ತೆಗೆದುಕೊಂಡು ತಾನೂ ಕಟ್ಟತೊಡಗಿದಳು. ಬೆರಳು ಮಾತು ಕೇಳುತ್ತಿರಲಿಲ್ಲ.

ಆ ದಿನದ ಕತೆ ಇದು. ಬೇಲಿಯಾಚೆ ಹಳದಿ ಮಂಜು. ಅದರೊಳಗೆ ಕಳೆದುಹೋದ ಒಬ್ಬ ತಾಯಿ ಒಂಬತ್ತು ದಿನದ ಮೇಲೆ ಹಿಂತಿರುಗುತ್ತಾಳೆ. ಅದೇ ಮುಖ, ಅದೇ ದನಿ. ಆದರೆ ಮಂಜಿನಲ್ಲಿರುವುದೇನೋ ಮನುಷ್ಯರ ರೂಪ ಹೊತ್ತು ಬರುತ್ತದೆ ಎಂದು ಆ ಜನರ ನಂಬಿಕೆ. ಗಂಡ ಪ್ರಶ್ನೆ ಕೇಳುತ್ತಾನೆ — ಮದುವೆಯ ದಿನ ಏನು ತಿಂದೆವು, ಮಗುವಿನ ಮಚ್ಚೆ ಎಲ್ಲಿದೆ. ಎಲ್ಲದಕ್ಕೂ ಅವಳು ಸರಿಯಾಗಿ ಹೇಳುತ್ತಾಳೆ, ಮೆಲ್ಲಗೆ, ನಗದೆ. ಅದೇ ಮೈ ಜುಮ್ಮೆನ್ನಿಸುವಂತಿತ್ತು. ಹೆಂಗಸರ ಕೈ ನಿಂತವು, ಹೂವು ಮಡಿಲಲ್ಲೇ ಉಳಿಯಿತು. ರತ್ನಮ್ಮ ಪಿಸುಗುಟ್ಟಿದಳು, “ಎಲ್ಲಾ ಸರಿಯಾಗೇ ಹೇಳ್ತಾವ್ಳೆ ಅಂದ್ರೇನೇ ಡೌಟು ಕಣಕ್ಕ.” ಇನ್ನೊಬ್ಬಳು ಎದ್ದು ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ಬಂದಳು, ಹಗಲು ಮೂರು ಗಂಟೆಗೆ. ಕೊನೆಗೆ ಗಂಡ ಅವಳನ್ನು ಗೇಟಿನಾಚೆ ತಳ್ಳುತ್ತಾನೆ. ಅವಳು ಕೂಗುವುದಿಲ್ಲ. ಗಾಜಿನ ಗೇಟಿಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ಎಲ್ಲರೂ “ಸದ್ಯ” ಎಂದರು.

ಮಂಜುಳ ಮಾತ್ರ ನಿಧಾನವಾಗಿ, “ಪಾಪ, ಆಚೆ ಚಳಿ ಇರ್ತದೆ” ಎಂದಳು.

ಎಲ್ಲರೂ ತಿರುಗಿ ಅವಳನ್ನು ನೋಡಿದರು. ನೀನೂ ನೋಡಿದೆ.

ಅಷ್ಟರಲ್ಲಿ ಪರದೆಯ ಮೇಲೆ, ಬಂದವಳು ನಿಜಕ್ಕೂ ಯಾರೆಂದು ಪರೀಕ್ಷಿಸಲು ಅವರು ಇಟ್ಟಿದ್ದ ಯಂತ್ರ ಬಂತು. ಅದರ ಫಲಿತಾಂಶ ತಡವಾಗಿ ಮೂಡಿತು. ನಾಲ್ಕೇ ಪದ. ‘ಸಬ್ಜೆಕ್ಟ್ ವೆರಿಫೈಡ್. ಐಡೆಂಟಿಟಿ ಅನ್‌ಚೇಂಜ್ಡ್.’ ಅಂದರೆ — ಅವಳು ಅವಳೇ ಆಗಿದ್ದಳು, ಚೈತ್ರಾ. ಮಂಜು ಅವಳನ್ನು ಏನೂ ಮಾಡಿರಲಿಲ್ಲ. ಕತೆಯ ಭಯವೆಲ್ಲ ಇದ್ದದ್ದು ಇಲ್ಲಿ: ಅವರು ತಮ್ಮವಳನ್ನೇ ಹೊರಗೆ ಹಾಕಿದ್ದರು.

ರತ್ನಮ್ಮ ಕೇಳಿದಳು, “ಏನು ಬರ್ದೈತಕ್ಕ?”

“ಇವಳು ಅವಳಲ್ಲ ಅಂತ ಬರೆದಿದೆ” ಎಂದೆ.

ಗಂಡ ಮೊಣಕಾಲೂರಿ ಅಳುತ್ತಿದ್ದ. ಅದಕ್ಕೂ ಅರ್ಥ ಹೇಳಿದೆ: ಬದುಕಿಕೊಂಡೆವಲ್ಲ ಅಂತ ಅಳುತ್ತಿದ್ದಾನೆ ಎಂದೆ. ಕಣ್ಣೀರನ್ನೂ ಬಿಡಲಿಲ್ಲ ನಾನು. ನೀನು ಸರಿದು ಸರಿದು ನನ್ನ ತೊಡೆಯ ಮೇಲೆ ಬಂದು ಕೂತೆ. “ಬಾ ಪುಟ್ಟಿ, ಮನೆಗೋಗಣ” ಎಂದು ಮಂಜುಳ ಕೈ ಚಾಚಿದಾಗ ನನ್ನ ಸೀರೆಯ ಸೆರಗಿನಲ್ಲಿ ಮುಖ ಹುದುಗಿಸಿದೆ. ಆಗ ನನಗೆ — ಇದನ್ನು ಬರೆಯದಿದ್ದರೆ ಬರೆದುದೆಲ್ಲ ಸುಳ್ಳು — ಆಗ ನನಗೆ ಸಂತೋಷವಾಯಿತು.

ಆಮೇಲಿನದು ನಿನ್ನ ನೆನಪಿನಲ್ಲಿದೆ. ಆ ಗಂಡನ ಹಾಗೆಯೇ ನೀನು ನಿನ್ನ ತಾಯಿಯನ್ನು ಪರೀಕ್ಷೆ ಮಾಡತೊಡಗಿದೆ. ‘ನನ್ನ ಮೊದಲನೇ ಸ್ಕೂಲ್ ಬ್ಯಾಗಿನ ಬಣ್ಣ ಯಾವುದು, ನಾನು ಬಿದ್ದಿದ್ದು ಎಲ್ಲಿ’ ಎಂದು ಕೇಳುತ್ತಿದ್ದೆ. ಮಾತ್ರೆಯ ಮಬ್ಬಿನಲ್ಲಿ ಅವಳಿಗೆ ಕೆಲವು ಮರೆತಿದ್ದವು. ತಪ್ಪಿದ್ದನ್ನೆಲ್ಲ ನೀನು ಬಂದು ನನಗೆ ವರದಿ ಮಾಡುತ್ತಿದ್ದೆ. ನಾನು ನಿನ್ನ ತಲೆ ಸವರುತ್ತಿದ್ದೆ. ಅವಳ ಕೈಯಿಂದ ಜಡೆ ಹಾಕಿಸಿಕೊಳ್ಳಲಿಲ್ಲ ನೀನು, ತುತ್ತು ತೆಗೆದುಕೊಳ್ಳಲಿಲ್ಲ. ಹೂ ಕಟ್ಟುವವರು ‘ಇವ್ಳು ಅವ್ಳಲ್ಲ’ ಎಂದು ಅವಳ ಬೆನ್ನ ಹಿಂದೆ ನಗುತ್ತಿದ್ದರು; ಊರಿನವರೂ ಅವಳು ಬಂದರೆ ಒಂದು ಹೆಜ್ಜೆ ಸರಿದು ನಿಂತರು. ತಮಾಷೆಗೆ ಶುರುವಾದದ್ದು ತಮಾಷೆಯಾಗಿ ಉಳಿಯಲಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಒಂದು ಬೆಳಿಗ್ಗೆ ಮಂಜುಳ ಒಬ್ಬಳೇ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ. “ದೊಡ್ಡಮ್ಮಾ, ಅವ್ಳು ನಿಮ್ಮ ಮಾತು ಕೇಳ್ತಾಳೆ. ಅದು ಬರೀ ಕತೆ, ನಿಮ್ಮಮ್ಮ ನಿಮ್ಮಮ್ಮನೇ ಅಂತ ಒಂದ್ಮಾತು ಹೇಳಿ” ಎಂದಳು. ಅವಳು ಬೇಡಿದ್ದು ಅಷ್ಟೇ. ನಾನು ಬಹಳ ತಿಳಿದವಳ ಹಾಗೆ, “ಗಿವ್ ಹರ್ ಟೈಮ್ ಕಣಮ್ಮ, ಮಕ್ಕಳು ತಾವೇ ಸರಿಹೋಗ್ತವೆ” ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಡಾಕ್ಟರ ಮಾತಿನ ಹಾಗೆ ಕೇಳುತ್ತದೆ. ಅವಳು ತಲೆಯಾಡಿಸಿ ಹೋದಳು. ಸಾಲನ್ನು ತಪ್ಪಾಗಿ ಓದಿದ್ದು ಒಂದು ಕ್ಷಣದ ಕೆಲಸ ಎಂದಾದರೂ ಹೇಳಬಹುದಿತ್ತು. ಇದು ಹಾಗಲ್ಲ. ಸರಿಪಡಿಸುವ ಅವಕಾಶವನ್ನು ಅವಳೇ ಮನೆ ಬಾಗಿಲಿಗೆ ತಂದಿದ್ದಳು.

ತಿಂಗಳಾಗುವಷ್ಟರಲ್ಲಿ ಎಂಟು ದಿನಕ್ಕೆಂದು ತವರಿಗೆ ಹೋದವಳು ಮತ್ತೆ ಬರಲಿಲ್ಲ. ಅಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಆರೋಗ್ಯವಾಗಿದ್ದಾಳೆ. ವಾರಕ್ಕೊಮ್ಮೆ ನಿನಗೆ ಫೋನ್ ಮಾಡುತ್ತಾಳೆ, ನೀನು ಹಾಂ, ಹೂಂ ಎನ್ನುತ್ತೀಯ. ಅವಳು ಒಂದು ದಿನವೂ ನನ್ನ ಹೆಸರೆತ್ತಿ ನಿನ್ನೊಡನೆ ದೂರಲಿಲ್ಲ. ದೂರುವುದಕ್ಕೆ ಅವಳಿಗೆ ಗೊತ್ತಿದ್ದರಲ್ಲವೇ! ಯಂತ್ರ ಹಾಗೆಯೇ ಬರೆದಿತ್ತು ಎಂದು ಅವಳೂ ಇಂದಿಗೂ ನಂಬಿದ್ದಾಳೆ.

ನಿನ್ನೆ ಮಧ್ಯಾಹ್ನ ಹೂ ಕಟ್ಟಲು ಬಂದವರ ಮುಂದೆ ಎಲ್ಲ ಹೇಳಿದೆ. ಎಲ್ಲರೆದುರು ಹೇಳಿದ ಸುಳ್ಳನ್ನು ಒಬ್ಬಳ ಕಿವಿಯಲ್ಲಿ ಹಿಂತೆಗೆದುಕೊಂಡರೆ ಅದು ನ್ಯಾಯವಲ್ಲ. ಆಮೇಲೆ ರತ್ನಮ್ಮ, “ಅವ್ಳನ್ನ ನಮ್ಮ ಬಾಯಲ್ಲೂ ಅನ್ನಿಸ್ಬಿಟ್ರಲ್ಲಕ್ಕ” ಎಂದಳು. ಕಟ್ಟದ ಹೂವನ್ನು ಬುಟ್ಟಿಗೆ ತುಂಬಿಕೊಂಡು ಎದ್ದು ಹೋದಳು. ಇವತ್ತು ಯಾರೂ ಬರಲಿಲ್ಲ. ಬರದಿರಲಿ.

ನಿನ್ನನ್ನು ಕ್ಷಮೆ ಕೇಳುತ್ತಿಲ್ಲ, ಚೈತ್ರಾ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಗ್ರ್ಯಾನಿ ಎಂಬ ಮುಲಾಜಿಗೆ. ನನಗೆ ಬೇಕಾದದ್ದು ಒಂದೇ: ಒಂಬತ್ತು ವರ್ಷದ ಆ ಮಗುವಿನ ಮೇಲೆ ನೀನು ಹೊರಿಸಿದ ಆರೋಪವನ್ನು ಇಳಿಸು. ಅವಳು ದೊಡ್ಡವರ ಮಾತನ್ನು ನಂಬಿದಳು. ಮಕ್ಕಳು ಮಾಡಬೇಕಾದದ್ದೇ ಅದು. ತಾಯಿಯನ್ನು ಓಡಿಸಿದ್ದು ನಾನು.

ಗುರುವಾರ ಬೆಳಿಗ್ಗೆ ದೇವನಹಳ್ಳಿಯಿಂದ ಹೊಸಕೋಟೆ ಬಸ್ಸು ಹಿಡಿದು, ಅಲ್ಲಿಂದ ಅನುಗೊಂಡನಹಳ್ಳಿ ಕಡೆಯ ಬಸ್ಸು ಹತ್ತುತ್ತೇನೆ. ಮಂಡಿ ನೋವು, ಜೊತೆಗೆ ಬರುತ್ತೇನೆ ಎಂದರು ನಮ್ಮ ಮನೆಯವರು. ಬೇಡ ಎಂದೆ. ನೀನೂ ಬರಬೇಡ. ನಿನ್ನ ತಾಯಿಯ ಹತ್ತಿರ ನೀನು ಹೋಗುವ ದಿನ ನನ್ನ ನೆರಳು ಅಲ್ಲಿರಬಾರದು. ಮಂಜುಳಳ ಮುಂದೆ ಆ ಸಾಲನ್ನು ಈ ಸಲ ಇದ್ದದ್ದು ಇದ್ದ ಹಾಗೆ ಓದಿ, ಕನ್ನಡದಲ್ಲಿ ಅದರ ಅರ್ಥ ಹೇಳಿ ಬರುತ್ತೇನೆ. ಅವಳು ಕೂತುಕೋ ಎನ್ನದಿದ್ದರೆ ನಿಂತೇ ಹೇಳುತ್ತೇನೆ.