ಜಪಾನಿ ಹೊಲದಲ್ಲಿ ಘೋಡಗೇರಿಯ ಅತ್ತೆ

ಗೋಕಾಕದ ಟಿವಿ ರಿಪೇರಿ ಅಂಗಡಿಯವರು ನನ್ನ ಹಳೆಯ ಟಿವಿ ಸರಿಮಾಡಿ ಕೊಡುವಾಗ, ಜೊತೆಗೆ ಒಂದು ವಿಡಿಯೊ ಗೇಮನ್ನೂ ಕೈಗಿತ್ತರು.

"ಯಾರೋ ಬಿಟ್ಟ ಹೋಗ್ಯಾರ್ರಿ ಟೀಚರ. ಜಪಾನದ್ದು. ಅಲ್ಲೆ ಕರೆಂಟ್ ನೂರ ವೋಲ್ಟ್ ಅಂತ, ಅದಕ್ಕ ಬ್ಯಾರೆ ಟ್ರಾನ್ಸ್‌ಫಾರ್ಮರ್ ಹಾಕೇನಿ. ಬ್ಯಾಸಗಿ ಸೂಟಿ ಐತೆಲ್ಲ, ಸಾಲಿ ಇಲ್ಲ, ಆಡ್ರಿ."

ನಾನು ಮೂಡಲಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಚಿಕ್ಕಂದಿನಲ್ಲಿ ಅಣ್ಣಂದಿರು ಇಂಥ ಆಟ ಆಡುವಾಗ ನಾನು ಹಿಂದೆ ನಿಂತು ನೋಡಿದ್ದೆ, ಅಷ್ಟೇ. ಆಸೆಯಿಂದ ಮನೆಗೆ ತಂದು ಜೋಡಿಸಿದೆ.

ಇದ್ದದ್ದು ಒಂದೇ ಕ್ಯಾಸೆಟ್, ಬೇಸಾಯದ ಆಟ. ಒಂದು ಗುಡಿಸಲು, ಒಂದಿಷ್ಟು ಹೊಲ, ಹುಲ್ಲಿನ ಟೊಪ್ಪಿಗೆಯ ಒಬ್ಬ ರೈತ. ಬರಹವೆಲ್ಲ ಜಪಾನಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಆ ಆಟ ಜಪಾನು ಬಿಟ್ಟು ಬೇರೆಲ್ಲೂ ಬಿಡುಗಡೆಯೇ ಆಗಿರಲಿಲ್ಲ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದೆ. "ನಿಮ್ಮ ಆನೆಯನ್ನು ತೊಳೆಯಿರಿ" ಎಂದಿತು. ಆಟದಲ್ಲಿ ಆನೆಯೇ ಇರಲಿಲ್ಲ.

ಆಗ ನಮ್ಮ ಮನೆಯಲ್ಲಿ ಘೋಡಗೇರಿಯ ಸೋದರತ್ತೆ ಇದ್ದಳು. ತನ್ನ ಹೊಲದ ಬದುವಿನಿಂದ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದಳು. ಎಪ್ಪತ್ತು ಸಮೀಪಿಸಿದರೂ ಒಂದು ದಿನ ಸುಮ್ಮನೆ ಕೂತ ಜೀವವಲ್ಲ. ಮಂಚದ ಮೇಲೆ ಹೊರಳಾಡುತ್ತ ನನ್ನ ಆಟ ನೋಡುತ್ತಿದ್ದಳು. ಮೂರು ದಿನ ನಾನು ಬಿತ್ತಿದ್ದೇ ಬಿತ್ತಿದ್ದು, ಒಂದು ಮೊಳಕೆಯೂ ಬರಲಿಲ್ಲ.

"ಏನ ಬರದಾರ ಗೊತ್ತಾಗವಲ್ದು, ಅತ್ತಿ," ಎಂದೆ.

"ನನಗ ಕನ್ನಡಾನೂ ಓದಾಕ ಬರಂಗಿಲ್ಲ. ಅದಕ್ಕೇನ ಬೆಳಿ ತಗದಿಲ್ಲೇನ? ಅಕ್ಷರ ಬಿಡು, ಮಣ್ಣ ನೋಡು. ಇನ್ನೂ ಕರ್ರಗೈತಿ. ಆಟದಾಗ ಈಗಷ್ಟ ಮಳಿ ನಿಂತೈತಿ, ರಾಡ್ಯಾಗ ಬಿತ್ತಿದ್ರ ಬೀಜ ಕೊಳೀತಾವು. ನೆಲ ಹದಕ್ಕ ಬರಲಿ."

ಕಾದೆವು. ಆಟದಲ್ಲಿ ಎರಡು ಹಗಲು ಕಳೆದವು. ಕಪ್ಪಗಿದ್ದ ಹೊಲ ಕಂದು ಬಣ್ಣಕ್ಕೆ ತಿರುಗಿತು. "ಹೂಂ, ಈಗ!" ಎಂದಳು ಅತ್ತೆ. ಬಿತ್ತಿದೆ. ನೋಡನೋಡುತ್ತ ಸಾಲು ಸಾಲಾಗಿ ಹಸಿರು ಮೊಳಕೆ ಎದ್ದವು. ಇಬ್ಬರೂ ಕಿರುಚಿದ ರಭಸಕ್ಕೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಮರುದಿನದಿಂದ ಬಟನ್ ಒತ್ತುವ ಕೆಲಸ ಮಾತ್ರ ನನ್ನದು, ಯಜಮಾನಿಕೆ ಅತ್ತೆಯದು. ಆಟದ ದನಕ್ಕೆ ಮೇವು ಹಾಕದೆ ರೈತನನ್ನು ಮಲಗಿಸಿದರೆ ನನ್ನನ್ನೇ ಬೈಯುತ್ತಿದ್ದಳು. ಸಾಲಿನ ಅಂತರ ಹೆಚ್ಚು ಬಿಡಿಸಿದಳು, ಕಳೆ ತೆಗೆಸಿದಳು. "ಇಂಥಾ ಚಂದ ಆಟ ಬ್ಯಾರೆ ದೇಶಕ್ಕ ಯಾಕ ಕೊಡಲಿಲ್ಲಂತ?" ಎಂದು ಕೇಳಿದಳು.

"ಹೊಲದ ಆಟ ಯಾರ ಆಡ್ತಾರ ಅಂದಿರಬೇಕು."

"ಹುಚ್ಚರು! ನಮ್ಮನ್ನ ಕೇಳಬೇಕಿತ್ತು."

ಎರಡನೆಯ ವಾರದಲ್ಲಿ ಕೊಯ್ಲು ಮುಗಿಯಿತು. ಪರದೆಯಲ್ಲಿ ಊರಿನವರೆಲ್ಲ ಹೊಲಕ್ಕೆ ಬಂದು, ಸುತ್ತ ಕೂತು ಊಟಕ್ಕೆ ತೊಡಗಿದರು. ಅತ್ತೆ ಕಣ್ಣೊರೆಸಿಕೊಂಡಳು. ನಂತರ ನನ್ನ ಭುಜಕ್ಕೆ ತಟ್ಟಿದಳು.

"ಅವರು ಉಣ್ಣಾಕತ್ತಾರ, ನಾವು ಹಂಗ ಕುಂದ್ರೂದೇನ? ಬ್ಯಾಳಿ ಕುದಿಯಾಕ ಇಡು, ಹೋಳಿಗಿ ಮಾಡೂಣು."

ಕಾಲು ಚಾಚಿ ಕೂತು ತಾನೇ ಹೂರಣ ರುಬ್ಬಿದಳು. ವಾಸನೆಗೆ ಪಕ್ಕದ ಮನೆಯವರು ಇಣುಕಿದರು. "ಏನ್ರಿ ಅಜ್ಜಿ, ಏನ ವಿಶೇಷ?"

"ಸುಗ್ಗಿ ಮುಗಿಸೇವ್ರಿ. ಬರ್ರಿ, ಉಂಡ ಹೋಗ್ರಿ."

"ಈ ಬ್ಯಾಸಗ್ಯಾಗ ಎಲ್ಲಿ ಸುಗ್ಗಿರಿ?"

ಅತ್ತೆ ಹೂರಣದ ಕೈಯಲ್ಲೇ ಟಿವಿ ತೋರಿಸಿದಳು.