ಕಿವಿಯಕ್ಕನೂ ಬೇರುಬಾಕನೂ

ಕೆರೆ ಏರಿಯ ಮೇಲೆ ಬೋರಲು ಮಲಗಿ, ನೆಲಕ್ಕೆ ಕಿವಿಯಿಟ್ಟು ಇಪ್ಪತ್ತೆರಡು ವರ್ಷ ಸಂಬಳ ಪಡೆದವಳು ನಮ್ಮ ಕಿವಿಯಕ್ಕ. "ಮಲಗೋಕೂ ಸಂಬಳಾನಾ?" ಎಂದು ಹಂಗಿಸಿದರೆ, "ನೀವು ಮನೇಲಿ ನಿಶ್ಚಿಂತೆಯಾಗಿ ಮಲಗ್ಬೇಕಲ್ಲ, ಅದಕ್ಕೆ" ಎನ್ನುತ್ತಿದ್ದಳು.

ಅವಳು ಆಲಿಸುತ್ತಿದ್ದದ್ದು ಏರಿ ಕೊರೆಯುವ ಬೇರುಬಾಕನ ಹಲ್ಲಿನ ಸದ್ದನ್ನು. ಬೆಕ್ಕಿನ ಗಾತ್ರದ ಈ ಪ್ರಾಣಿಯ ಬಾಳೆಲ್ಲ ಮಣ್ಣೊಳಗೆ. ಕಣ್ಣು ಸಾಸಿವೆಯಷ್ಟು, ಅದರ ಮೇಲೂ ಚರ್ಮ. ತುಟಿ ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ಹಲ್ಲಿನಲ್ಲೇ ಅಗೆದರೂ ಬಾಯಿಗೆ ಮಣ್ಣು ಹೋಗದು. ಕೂದಲು ಎರಡೂ ಕಡೆ ಬಾಗುತ್ತದೆ; ಇಕ್ಕಟ್ಟಿನಲ್ಲಿ ತಿರುಗದೆಯೇ ಹಿಂದಕ್ಕೆ ಸರಿಯುತ್ತದೆ. ಬೇರನ್ನು ಪೂರ್ತಿ ತಿನ್ನದೆ, ಮತ್ತೆ ಚಿಗುರಲೆಂದು ಅರ್ಧ ಉಳಿಸುವಷ್ಟು ಜಾಣ. ಅದಕ್ಕೆ ಭಯವೆಂದರೆ ಗಾಳಿ. ಬಿಲಕ್ಕೆ ಗಾಳಿ ನುಗ್ಗಿತೋ, ಊಟ ಬಿಟ್ಟು ಬಂದು ಮಣ್ಣಿನಿಂದ ಬಿಲದ ಬಾಯಿ ಮುಚ್ಚುತ್ತದೆ. ಇದನ್ನೆಲ್ಲ ಅಕ್ಕನಿಗೆ ಯಾರೂ ಓದಿ ಹೇಳಲಿಲ್ಲ. ಅವಳ ಜೊತೆ ಕಾವಲಿಗಿದ್ದ ನಾನೂ ಪಕ್ಕದಲ್ಲಿ ಮಲಗಿಯೇ ಕಲಿತೆ.

ಆ ವರ್ಷ ಕೆರೆ ತುಂಬಿತ್ತು. ಒಂದು ಮಧ್ಯಾಹ್ನ ಏರಿಯ ಹೊರಮೈಯಲ್ಲಿ ಅಂಗೈಯಗಲ ತೇವ ಕಂಡಿತು. ಅದರ ನೇರ ಕೆಳಗೆ ಅಕ್ಕನ ಮಗಳ ಮನೆ. ಅವಳು ಹನ್ನೊಂದು ದಿನದ ಬಾಣಂತಿ. ಅಕ್ಕ ಬಾಕನ ಬಿಲದ ಹತ್ತಿರ ಓಡಿದರೆ ಅಲ್ಲಿ ಸಿಮೆಂಟು! ಅವಳ ಮೈದುನ ಮೇಸ್ತ್ರಿ ಕರಣೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಹೊಸ ಎಂಜಿನಿಯರ್.

"ಯಾವಾಗ ಮುಚ್ಚಿದ್ದು?"

"ಬೆಳಗ್ಗೇನೇ ಅತ್ತಿಗೆ. ನಿಮ್ಮ ಬಾಕ ಇನ್ನು ಒಳಗೇ ಉಪವಾಸ."

"ಉಪವಾಸವಲ್ಲ ಕಣೋ, ಬಾಗಿಲು ಹಾಕಿ ತಟ್ಟೆ ಇಟ್ಟುಕೊಟ್ಟಿದ್ದೀಯ! ಗಾಳಿ ಇಲ್ಲ, ಭಯ ಇಲ್ಲ. ಬೇರು ಹಿಡಿದು ನೀರಿನ ಕಡೆಗೇ ಹೋಗುತ್ತೆ."

ಬೋರಲು ಬಿದ್ದು ಕಿವಿಗೊಟ್ಟಳು. ಮುಖ ಸುಣ್ಣವಾಯಿತು. "ನೀರಿಗೆ ಇನ್ನೊಂದು ಮೊಳ. ಸಾಹೇಬ್ರೇ, ಬಿಲದ ಬಾಯಿ ಒಡೀಬೇಕು."

"ಸೋರೋ ಏರಿಗೆ ತೂತು ಮಾಡ್ತಾರೇನಮ್ಮ? ಬೇಕಿದ್ರೆ ಬೆರಳಷ್ಟು ಸಂದು ಮಾಡಿ ಹೊಗೆ ಹಾಕೋಣ."

"ಹೊಗೆಗೆ ಹೆದರಿ ಮುಂದಕ್ಕೋಡುತ್ತೆ. ಮುಂದಿರೋದು ಕೆರೆ." ಅಕ್ಕ ಎದ್ದು ಕೂತಳು. "ಮೂರು ವರ್ಷದ ಹಿಂದೆ ಏರಿ ಕುಸಿದದ್ದು ಮಳೆಗಲ್ಲ. ನಾನೇ ಬಿಲಕ್ಕೆ ಕಲ್ಲು ಜಡಿದಿದ್ದೆ. ಆಗಿನ್ನೂ ಕೆರೆ ತುಂಬಿರಲಿಲ್ಲ, ಬಚಾವಾದ್ವಿ."

ನನಗೂ ಹೇಳಿರಲಿಲ್ಲ ಪುಣ್ಯಾತ್ಗಿತ್ತಿ! ಎಂಜಿನಿಯರ್ ಅವಳ ಮುಖವನ್ನೇ ನೋಡಿ, ಹಾರೆಯನ್ನು ಮೇಸ್ತ್ರಿಯ ಕೈಗಿತ್ತರು. ನಾಲ್ಕೇಟಿಗೆ ಸಿಮೆಂಟು ಒಡೆಯಿತು.

"ಈಗ ಹೋಗಿ ತಾಯಿ ಮಗೂನ ಮೇಲೆ ಕರ್ಕೊಂಡು ಬಾ. ಹುಲ್ಲಿನ ಮೇಲೇ ಹೋಗು, ಧಪಧಪ ಅನ್ನಬೇಡ." ಅಕ್ಕ ಮೈದುನನನ್ನು ಅಟ್ಟಿದಳು.

ಒಳಗಿನ ಸದ್ದು ನಿಂತಿತು. ಕಾದೆವು. ತೇವ ತಟ್ಟೆಯಗಲವಾಯಿತು. ಎಂಜಿನಿಯರ್ ಬಾಯಿ ತೆರೆದರು, ಅಕ್ಕ ಬೆರಳೆತ್ತಿದಳು. ನಾನು ಗೋಣಿಚೀಲದ ಬಾಯಿ ಅಗಲಿಸಿ ಬಿಲದ ಪಕ್ಕ ಕೂತೆ. ಬರದಿದ್ದರೆ?

ಬಿಲದೊಳಗಿಂದ ಒಂದು ಹಿಡಿ ಮಣ್ಣು ಹೊರಚಿಮ್ಮಿತು. ಹಿಂದೆಯೇ ಬೂದುಬಣ್ಣದ ಕುಂಡೆ. ಹಿಂಗಾಲಲ್ಲಿ ಮಣ್ಣು ಒದೆಯುತ್ತ, ಹಿಮ್ಮುಖವಾಗಿ ಸರಿದು ಬಾಗಿಲು ಹಾಕಲು ಬಂದಿತ್ತು. ಅಕ್ಕ ಎರಡೂ ಕಾಲು ಹಿಡಿದು ಸರ್ರನೆಳೆದಳು. ಚೀಲದೊಳಗೆ ಹಲ್ಲು ಕಟಕಟ ಎಂದವು.

ಆಮೇಲೆ ಬಿಲಕ್ಕೆ ಜೇಡಿಮಣ್ಣು ತುಂಬಿ, ಗಳದಲ್ಲಿ ಒಳಕ್ಕೆ ತಳ್ಳಿದೆವು; ಎಂಜಿನಿಯರೂ ಪ್ಯಾಂಟು ಮಡಚಿ ತುಳಿದರು. ಮೈದುನನ ತೋಳಲ್ಲಿ ಕೂಸು ಮೇಲೆ ಬಂದು ಅಳುತ್ತಿದ್ದರೂ ಅಕ್ಕ ತಲೆಯೆತ್ತಲಿಲ್ಲ; ಕಿವಿ ನೆಲದ ಮೇಲೆ, ಕಣ್ಣು ತೇವದ ಮೇಲೆ. ಹೊತ್ತು ಇಳಿಯುವಾಗ ತೇವದ ಅಂಚು ಬೆಳ್ಳಗೆ ಒಣಗತೊಡಗಿತು.

ಎದ್ದು ಕೈ ಚಾಚಿದಳು. "ಕೊಡೋ ಮೊಮ್ಮಗೂನ."

"ಮೊದಲು ಕೈ ತೊಳೀರಿ ಅತ್ತಿಗೆ."

"ನೀನು ಮೊದಲು ಕರಣೆ ತೊಳಿ."